ದಿನ ತುಂಬದ ಮಗುವಿನ ಉಸಿರು: ಕೊಡಗಿನ ಮನೆಯವರು ಯಾವಾಗ ಯಾವುದನ್ನು ಆರಿಸಬೇಕು

"ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತೆ ಸಿಸ್ಟರ್, ಎಂಟಕ್ಕೆ ಹುಟ್ಟಿದ್ದೇ ಕಷ್ಟ." ನವಜಾತ ಶಿಶುಗಳ ವಾರ್ಡಿನ ಬಾಗಿಲಲ್ಲಿ ನಿಂತ ಅಜ್ಜಿಯರ ಬಾಯಲ್ಲಿ ಈ ಮಾತನ್ನು 19 ವರ್ಷದಿಂದ ಕೇಳುತ್ತಿದ್ದೇನೆ. ಅದು ತಪ್ಪು. ಏಳಕ್ಕಿಂತ ಎಂಟು ಮೇಲು, ಎಂಟಕ್ಕಿಂತ ಒಂಬತ್ತು ಮೇಲು. ಹೊಟ್ಟೆಯೊಳಗೆ ಕಳೆದ ಒಂದೊಂದು ವಾರವೂ ಮಗುವಿನ ಶ್ವಾಸಕೋಶಕ್ಕೆ ಬಲ. ಮಾತು ತಪ್ಪಾಗಿದ್ದರೆ ನಷ್ಟವೇನು ಎಂದು ಕೇಳಬಹುದು. ನಷ್ಟವಿದೆ. "ಹೇಗೂ ಎಂಟು ತಿಂಗಳದ್ದು" ಎಂದು ಕೈಚೆಲ್ಲಿ ಕೂತು, ಹೊರಡಬೇಕಾದ ಹೊತ್ತಿಗೆ ಹೊರಡದ ಮನೆಗಳನ್ನು ನಾನು ನೋಡಿದ್ದೇನೆ.

37 ವಾರಕ್ಕೆ ಮೊದಲು ಹುಟ್ಟಿದ್ದು ದಿನ ತುಂಬದ ಮಗು. ಅದರ ಉಸಿರಾಟದ ತೊಂದರೆಯ ಮೂಲ ಒಂದು ವಸ್ತುವಿನ ಕೊರತೆ. ಶ್ವಾಸಕೋಶದ ಪುಟ್ಟ ಗಾಳಿಗೂಡುಗಳ ಒಳಮೈ ಯಾವಾಗಲೂ ಒದ್ದೆ. ನೆನೆದ ಎರಡು ಪ್ಲಾಸ್ಟಿಕ್ ಹಾಳೆ ಅಂಟಿಕೊಳ್ಳುವ ಹಾಗೆ, ಉಸಿರು ಹೊರಬಿಟ್ಟಾಗ ಈ ಗೂಡುಗಳೂ ಮುಚ್ಚಿ ಅಂಟಿಕೊಳ್ಳುತ್ತವೆ. ಹಾಗೆ ಅಂಟದಂತೆ ಕಾಯುವುದು ಸರ್ಫ್ಯಾಕ್ಟಂಟ್ ಎಂಬ ಜಾರುವಸ್ತು. ಸುಮಾರು 24 ವಾರಕ್ಕೆ ಅದರ ತಯಾರಿ ಶುರುವಾಗಿ, ಸಾಕಾಗುವಷ್ಟು ಆಗುವ ಹೊತ್ತಿಗೆ 34-35 ವಾರ ಆಗಿರುತ್ತದೆ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಐದೂವರೆ ವಾರ ಮೊದಲೇ ಹುಟ್ಟಿ, ಇದೇ ಕೊರತೆಯಿಂದ 39 ಗಂಟೆಗೆ ತೀರಿಕೊಂಡಿತು. ಆ ಮನೆತನಕ್ಕೆ ಹಣವಾಗಲಿ ವೈದ್ಯರಾಗಲಿ ಕಡಿಮೆಯಿರಲಿಲ್ಲ, ಔಷಧಿಯೇ ಇರಲಿಲ್ಲ. ಇವತ್ತು ಅಂಥ ಮಗು ಬಹುಮಟ್ಟಿಗೆ ಉಳಿಯುತ್ತದೆ, ಸರಿಯಾದ ಜಾಗದಲ್ಲಿ ಹುಟ್ಟಿದರೆ.

ಹಾಗಾಗಿ ಹೋಲಿಕೆಯನ್ನು ಯಂತ್ರದಿಂದ ಶುರುಮಾಡದೆ ಜಾಗದಿಂದ ಶುರುಮಾಡುತ್ತೇನೆ.

ಹತ್ತಿರದ ಆಸ್ಪತ್ರೆಯೋ, ದೂರದ್ದೋ

ಕೊಡಗಿನಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆದರೆ ಮೋಸ ಹೋಗುತ್ತೇವೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120, ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಸುಮಾರು 140. ರೈಲು ನಮಗಿಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮಂಗಳೂರು ದಾರಿಯೇ ಮುಚ್ಚಿದ್ದನ್ನು ನಾವ್ಯಾರೂ ಮರೆತಿಲ್ಲ. ಮಳೆಗಾಲದಲ್ಲಿ ಮಡಿಕೇರಿ ಕಡೆಯವರು ಘಾಟಿಗಿಂತ ಕುಶಾಲನಗರ, ಪಿರಿಯಾಪಟ್ಟಣದ ಮೇಲಿನ ಮೈಸೂರು ದಾರಿಯನ್ನೇ ಮೊದಲು ಯೋಚಿಸುವುದು ಒಳ್ಳೆಯದು. ಪೊನ್ನಂಪೇಟೆ, ಗೋಣಿಕೊಪ್ಪ ಕಡೆಯವರಿಗೆ ಹುಣಸೂರಿನ ಮೇಲೆ ಮೈಸೂರೇ ಹತ್ತಿರ. ವಿರಾಜಪೇಟೆಯ ಕೆಲವರು ಮಾಕುಟ್ಟ ಇಳಿದು ಕಣ್ಣೂರಿಗೆ ಹೋಗುತ್ತಾರೆ. ಆ ಘಾಟಿಯೂ ಮಳೆಯಲ್ಲಿ ನಂಬುವಂಥದ್ದಲ್ಲ.

ಯಾವ ವಾರಕ್ಕೆ ಯಾವ ಜಾಗ? ನಾನು ಹೇಳುವ ಗೆರೆ ಇದು. 35 ವಾರ ದಾಟಿ, ತಾಯಿಗೆ ರಕ್ತದೊತ್ತಡದಂಥ ಬೇರೆ ತೊಡಕಿಲ್ಲದಿದ್ದರೆ, ಮಕ್ಕಳ ವೈದ್ಯರಿರುವ ತಾಲ್ಲೂಕು ಆಸ್ಪತ್ರೆ ಸಾಕು. 34 ವಾರಕ್ಕೆ ಮೊದಲು, ಇಲ್ಲವೇ ಸ್ಕ್ಯಾನಿನಲ್ಲಿ ಮಗುವಿನ ತೂಕ 1,800 ಗ್ರಾಮಿಗಿಂತ ಕಡಿಮೆ ಎಂದು ಬಂದರೆ, ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ ಇರುವಲ್ಲಿಗೇ ಹೋಗಬೇಕು. ನಮಗೆ ಅದು ಮಡಿಕೇರಿಯ ಜಿಲ್ಲಾ ಆಸ್ಪತ್ರೆ. ಈಗ ಅದೇ ವೈದ್ಯಕೀಯ ಕಾಲೇಜಿನ ಬೋಧಕ ಆಸ್ಪತ್ರೆ. 28-30 ವಾರದ ಸುತ್ತಮುತ್ತ ಅಥವಾ ಒಂದು ಕಿಲೋ ಆಸುಪಾಸಿನ ಮಗುವಾದರೆ, ವಾರಗಟ್ಟಲೆ ವೆಂಟಿಲೇಟರ್ ಬೇಕಾದೀತು ಎಂದು ಮೊದಲೇ ಲೆಕ್ಕ ಹಾಕಿ, ಮೈಸೂರು ಅಥವಾ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗುವ ಮಾತನ್ನು ಆ ಗಂಟೆಯಲ್ಲೇ ವೈದ್ಯರೊಂದಿಗೆ ಆಡಬೇಕು. ಹೊರಡುವ ಮುನ್ನ ಫೋನಿನಲ್ಲಿ ಕೇಳಬೇಕಾದದ್ದು ಮೂರೇ ಮಾತು: ಸೀಪ್ಯಾಪ್ ಯಂತ್ರ (ಮೂಗಿನ ಮೂಲಕ ಸಣ್ಣ ಒತ್ತಡದಲ್ಲಿ ಗಾಳಿ ಕೊಡುವುದು) ಈಗ ಖಾಲಿ ಇದೆಯೇ, ಸರ್ಫ್ಯಾಕ್ಟಂಟ್ ಸ್ಟಾಕ್ ಇದೆಯೇ, ರಾತ್ರಿ ಮಕ್ಕಳ ವೈದ್ಯರು ಇರುತ್ತಾರೆಯೇ. ಕಟ್ಟಡ ನೋಡಿ ಆಸ್ಪತ್ರೆ ಆರಿಸಬೇಡಿ, ಈ ಮೂರು ಉತ್ತರ ಕೇಳಿ ಆರಿಸಿ.

ಇನ್ನೊಂದು ಹೋಲಿಕೆ ಇದಕ್ಕಿಂತ ದೊಡ್ಡದು. ಮಗು ಹೊಟ್ಟೆಯಲ್ಲಿರುವಾಗಲೇ ಹೋಗುವುದೋ, ಇಲ್ಲೇ ಹೆತ್ತು ಆಮೇಲೆ ಮಗುವನ್ನು ಆಂಬುಲೆನ್ಸಿನಲ್ಲಿ ಕಳಿಸುವುದೋ? ಎರಡನೆಯದನ್ನು ನಾನು ಬಹಳ ಸಲ ಕಣ್ಣಾರೆ ಕಂಡಿದ್ದೇನೆ. ಒಂದೂಕಾಲು ಕಿಲೋದ ಮಗು ತಿರುವುಗಳಲ್ಲಿ ಅಲುಗಾಡುತ್ತ, ಮೈ ತಣ್ಣಗಾಗುತ್ತ, ಸಕ್ಕರೆ ಅಂಶ ಇಳಿಯುತ್ತ ಹೋಗಿ ಸೇರುವಷ್ಟರಲ್ಲಿ ಅರ್ಧ ಸೋತಿರುತ್ತದೆ. ತಾಯಿ ಇಲ್ಲಿ, ಮಗು ಅಲ್ಲಿ, ಹಾಲೂ ತಪ್ಪುತ್ತದೆ. ಹೊಟ್ಟೆಯೊಳಗಿದ್ದು ಪ್ರಯಾಣ ಮಾಡಿದ ಮಗುವಿಗೆ ಇದ್ಯಾವುದೂ ಇಲ್ಲ. ಬಿಟ್ಟುಬಿಟ್ಟು ಬರುವ ನೋವನ್ನು ಒಂದೆರಡು ದಿನ ತಡೆಯಲು ನಿಫೆಡಿಪಿನ್ ಮಾತ್ರೆ ಕೊಡುತ್ತಾರೆ; ಹೋಗಿ ಸೇರಲು, ಮಗುವಿನ ಶ್ವಾಸಕೋಶ ಮಾಗಿಸಲು ತಾಯಿಗೆ ಕೊಡುವ ಸೂಜಿ ಕೆಲಸ ಮಾಡಲು ಅಷ್ಟು ಸಮಯ ಸಿಕ್ಕಿದರೂ ಲಾಭವೇ. ಆದರೆ ಗರ್ಭಕೋಶದ ಬಾಯಿ ಚೆನ್ನಾಗಿ ತೆರೆದು ಹೆರಿಗೆ ಹತ್ತಿರವಾಗಿದ್ದರೆ ಹೊರಡಲೇಬೇಡಿ. ಎಲ್ಲಕ್ಕಿಂತ ಕೆಟ್ಟ ಜಾಗವೆಂದರೆ ಘಾಟಿಯ ನಡುವಿನ ಗಾಡಿ.

ತೋಟದ ಕೆಲಸಗಾರರ ಲೈನ್ ಮನೆಗಳಿಗೂ ಬುಡಕಟ್ಟಿನವರ ಹಾಡಿಗಳಿಗೂ ಒಂದು ಮಾತು. ಕಾಫಿ ಕೊಯ್ಲಿನ ಕಾಲದಲ್ಲಿ ಹೊಟ್ಟೆನೋವನ್ನು ಸುಸ್ತಿನ ನೋವು ಎಂದು ಸಹಿಸಿಕೊಂಡು ಸಂಜೆ ತನಕ ಕೆಲಸ ಮಾಡುವ ಹೆಂಗಸರಿದ್ದಾರೆ. ತಿಂಗಳು ತುಂಬುವ ಮೊದಲು ಸೊಂಟ ಬಿಗಿದು ಬಿಗಿದು ಬಿಟ್ಟರೆ, ನೀರು ಹೋದರೆ, ರಕ್ತ ಕಂಡರೆ, ಆಶಾ ಕಾರ್ಯಕರ್ತೆಗೆ ಹೇಳಿ 108ಕ್ಕೆ ಕರೆ ಮಾಡಿ. ತೋಟದ ಯಜಮಾನರೂ ಓದುತ್ತಿದ್ದರೆ, ಆ ದಿನ ಜೀಪು ಕೊಡಿ, ದಮ್ಮಯ್ಯ.

ಹೆರಿಗೆಗೆ ಮೊದಲಿನ ಸೂಜಿ

1972ರಲ್ಲಿ ನ್ಯೂಜಿಲೆಂಡಿನ ಲಿಗ್ಗಿನ್ಸ್ ಮತ್ತು ಹೋವಿ ಎಂಬ ಇಬ್ಬರು ವೈದ್ಯರು, ತಾಯಿಗೆ ಸ್ಟಿರಾಯ್ಡ್ ಸೂಜಿ ಕೊಟ್ಟರೆ ದಿನ ತುಂಬದ ಮಗುವಿನ ಶ್ವಾಸಕೋಶ ಬೇಗ ಮಾಗುತ್ತದೆ ಎಂದು ತೋರಿಸಿದರು. ನಮ್ಮ ಸರ್ಕಾರದ 2014ರ ಮಾರ್ಗಸೂಚಿ ಪ್ರಕಾರ 24ರಿಂದ 34 ವಾರದೊಳಗೆ ಹೆರಿಗೆಯಾಗುವ ಲಕ್ಷಣವಿದ್ದರೆ ಡೆಕ್ಸಾಮೆಥಾಸೋನ್ 6 ಮಿಲಿಗ್ರಾಂ, 12 ಗಂಟೆಗೊಮ್ಮೆ, ನಾಲ್ಕು ಸಲ. ದೊಡ್ಡ ಆಸ್ಪತ್ರೆಗೆ ಕಳಿಸುವ ಮುನ್ನ ಮೊದಲನೆಯದನ್ನು ಉಪಕೇಂದ್ರದ ಸಿಸ್ಟರೇ ಕೊಡಬಹುದು. ಖಾಸಗಿಯಲ್ಲಿ ಬೀಟಾಮೆಥಾಸೋನ್ 12 ಮಿಲಿಗ್ರಾಂ, ದಿನಕ್ಕೊಂದರಂತೆ ಎರಡು ಸಲ ಕೊಡುವುದುಂಟು. ಯಾವುದು ಮೇಲು ಎಂದು ತಲೆ ಕೆಡಿಸಿಕೊಳ್ಳಬೇಡಿ. ಇದ್ದದ್ದನ್ನು ಬೇಗ ಕೊಡಿಸಿ. ಪೂರ್ತಿ ಫಲ ಒಂದು ದಿನದ ಮೇಲೆ ಸಿಗುತ್ತದೆ. ಹಾಗೆಂದು ಒಂದೇ ಸೂಜಿ ಬಿದ್ದರೂ ಅದು ವ್ಯರ್ಥವಲ್ಲ.

ಹಾಗಾದರೆ ಎಲ್ಲರಿಗೂ ಕೊಟ್ಟುಬಿಡಬಹುದಲ್ಲ? ಬೇಡ. ವಾರದ ಲೆಕ್ಕ ತಪ್ಪಿ, ನಿಜಕ್ಕೂ ದಿನ ತುಂಬುತ್ತಿರುವ ಮಗುವಿಗೆ ಕೊಟ್ಟರೆ ಲಾಭವಿಲ್ಲದೆ ಹಾನಿಯಾಗಬಹುದು. ತಾಯಿಗೆ ಗರ್ಭಕೋಶದ ಸೋಂಕಿದ್ದರೂ ಎಚ್ಚರ ಬೇಕು. ಸಕ್ಕರೆ ಕಾಯಿಲೆ ಇರುವವರಿಗೆ ಸೂಜಿಯ ನಂತರ ಸಕ್ಕರೆ ಏರುತ್ತದೆ, ನೋಡಿಕೊಳ್ಳಬೇಕು. ಮೊದಲ ಮೂರು ತಿಂಗಳಲ್ಲೇ ಮಾಡಿಸಿದ ಸ್ಕ್ಯಾನ್, ತಾಯಿ ಕಾರ್ಡಿನಲ್ಲಿ ಬರೆದ ಮುಟ್ಟಿನ ತಾರೀಕು, ಇವೆರಡೂ ಕೈಯಲ್ಲಿದ್ದರೆ ವೈದ್ಯರು ಅನುಮಾನಿಸುವುದಿಲ್ಲ. ಕಾರ್ಡನ್ನು ಪೆಟ್ಟಿಗೆಯ ತಳದಲ್ಲಿಡದೆ ಬಾಗಿಲ ಹಿಂದಿನ ಚೀಲದಲ್ಲಿಡಿ.

ಉಸಿರಿಗೆ ಯಾವ ಆಸರೆ

ಇಲ್ಲಿ ಆರಿಸುವವರು ವೈದ್ಯರು. ಆದರೂ ಏನು ನಡೆಯುತ್ತಿದೆ ಎಂದು ಗೊತ್ತಿದ್ದರೆ ಮನೆಯವರ ಭಯ ಅರ್ಧ ಇಳಿಯುತ್ತದೆ.

ಬರೀ ಆಮ್ಲಜನಕ ಕೊಡುವುದಕ್ಕೂ ಸೀಪ್ಯಾಪಿಗೂ ಬಹಳ ವ್ಯತ್ಯಾಸ. ಮೂಗಿಗೆ ನಳಿಕೆ ಇಟ್ಟು ಆಮ್ಲಜನಕ ಬಿಟ್ಟರೆ, ಮುಚ್ಚಿಹೋದ ಗಾಳಿಗೂಡು ತೆರೆಯುವುದಿಲ್ಲ. ಸೀಪ್ಯಾಪ್ ಸಣ್ಣ ಒತ್ತಡವನ್ನು ಬಿಡದೆ ಹಿಡಿದು, ಗೂಡು ಮುಚ್ಚದಂತೆ ನೋಡಿಕೊಳ್ಳುತ್ತದೆ. ನಮ್ಮ ಕಡೆ ಹೆಚ್ಚು ಕಾಣುವುದು ಗುಳ್ಳೆಯ ಸೀಪ್ಯಾಪ್. ನಳಿಕೆಯ ತುದಿ ನೀರಿನಲ್ಲಿ 5 ಸೆಂಟಿಮೀಟರ್ ಮುಳುಗಿದ್ದರೆ ಒತ್ತಡವೂ ಅಷ್ಟೇ. ಬಾಟಲಿಯಲ್ಲಿ ನೀರು ಗುಳುಗುಳು ಎನ್ನುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಆ ಸದ್ದು ನಿಂತರೆ ಸಿಸ್ಟರನ್ನು ಕೂಗಿ, ಸಂಕೋಚ ಬೇಡ. ತಾನೇ ಉಸಿರಾಡುವ ಮಗುವಿಗೆ ಹುಟ್ಟಿದ ಕೂಡಲೇ ವೆಂಟಿಲೇಟರ್ ಹಾಕುವುದಕ್ಕಿಂತ ಸೀಪ್ಯಾಪಿನಿಂದ ಶುರುಮಾಡುವುದೇ ಈಗಿನ ಪದ್ಧತಿ. ವೆಂಟಿಲೇಟರ್ ಜೀವ ಉಳಿಸುತ್ತದೆ, ಜೊತೆಗೆ ಎಳೆಯ ಶ್ವಾಸಕೋಶವನ್ನು ಗಾಸಿಯೂ ಮಾಡುತ್ತದೆ. "ವೆಂಟಿಲೇಟರ್ ಇಲ್ಲದ ಆಸ್ಪತ್ರೆ, ಏನೂ ಮಾಡುತ್ತಿಲ್ಲ" ಎಂದು ಜಗಳಕ್ಕೆ ನಿಲ್ಲುವವರು ಇದನ್ನು ತಿಳಿದಿರಬೇಕು.

ರಭಸದ ಹರಿವಿನ ನಳಿಕೆ, ಅಂದರೆ ಹೈಫ್ಲೋ, ಮೂಗಿಗೆ ಹಿತ. ಸೀಪ್ಯಾಪಿನಷ್ಟು ಗಾಯ ಮಾಡುವುದಿಲ್ಲ. ಆದರೆ 2016ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾ-ನಾರ್ವೆ ಅಧ್ಯಯನದಲ್ಲಿ, ಮೊದಲ ಆಸರೆಯಾಗಿ ಹೈಫ್ಲೋ ಹಾಕಿದಾಗ 100ಕ್ಕೆ ಸುಮಾರು 25 ಮಕ್ಕಳಲ್ಲಿ ಅದು ಸಾಲಲಿಲ್ಲ. ಸೀಪ್ಯಾಪಿನಲ್ಲಿ ಸಾಲದೆ ಹೋದದ್ದು 13. ಮೊದಲಿಗೆ ಸೀಪ್ಯಾಪ್, ಚೇತರಿಸಿಕೊಳ್ಳುವಾಗ ಹೈಫ್ಲೋ ಎಂಬ ಕ್ರಮ ನನಗೆ ಸರಿ ಕಾಣುತ್ತದೆ.

ಸೀಪ್ಯಾಪಿನಲ್ಲಿದ್ದೂ ಕೊಡುವ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 30ರ ಮೇಲೆ ಬೇಕಾಗುತ್ತಿದ್ದರೆ ಸರ್ಫ್ಯಾಕ್ಟಂಟ್ ಕೊಡುವ ಹೊತ್ತು. ಹಂದಿಯ ಇಲ್ಲವೇ ದನದ ಶ್ವಾಸಕೋಶದಿಂದ ತೆಗೆದ ಈ ದ್ರವವನ್ನು ನೇರ ಶ್ವಾಸನಾಳಕ್ಕೆ ಬಿಡುತ್ತಾರೆ. ಮೂಲ ಯಾವುದೆಂದು ಕೆಲವು ಮನೆಯವರು ಕೇಳುತ್ತಾರೆ. ಕೇಳುವ ಹಕ್ಕಿದೆ, ಆದರೆ ಆ ಚರ್ಚೆಗೆ ಗಂಟೆಗಟ್ಟಲೆ ಸಮಯವಿಲ್ಲ. ಮೊದಲ ಎರಡು ಗಂಟೆಯೊಳಗೆ ಬಿದ್ದ ಸರ್ಫ್ಯಾಕ್ಟಂಟ್, ತಡವಾಗಿ ಬಿದ್ದದ್ದಕ್ಕಿಂತ ಮೇಲು. ಉಸಿರಿನ ಕೊಳವೆ ಹಾಕಿ, ಕೊಟ್ಟು, ಕೂಡಲೇ ತೆಗೆಯುವುದು ಒಂದು ವಿಧಾನ. ಮಗು ಸೀಪ್ಯಾಪಿನಲ್ಲೇ ಉಸಿರಾಡುತ್ತಿರುವಾಗ ಸಣ್ಣ ನಳಿಕೆಯಿಂದ ಕೊಡುವುದು ಇನ್ನೊಂದು. ಕೈ ಪಳಗಿದವರಿದ್ದರೆ ಎರಡನೆಯದು ಶ್ವಾಸಕೋಶಕ್ಕೆ ಮೃದು.

ಉಸಿರಾಡುವುದನ್ನೇ ಮರೆತು ನಿಲ್ಲಿಸುವ ಮಕ್ಕಳಿಗೆ ಕೊಡುವುದು ಕೆಫೀನ್. ಹೌದು, ನಮ್ಮ ತೋಟದ ಕಾಫಿಯೊಳಗಿನದೇ. ಹಿಂದೆ ಅಮಿನೋಫಿಲಿನ್ ಕೊಡುತ್ತಿದ್ದೆವು. ಎದೆಬಡಿತ ವಿಪರೀತ ಏರುತ್ತಿತ್ತು. ಕೆಫೀನ್ ಅದಕ್ಕಿಂತ ಸುರಕ್ಷಿತ. 2006ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ, ಒಂದೂಕಾಲು ಕಿಲೋಗಿಂತ ಕಡಿಮೆ ತೂಕದ ಮಕ್ಕಳಲ್ಲಿ ದೀರ್ಘಕಾಲದ ಶ್ವಾಸಕೋಶ ರೋಗ 100ಕ್ಕೆ 47ರಿಂದ 36ಕ್ಕೆ ಇಳಿದಿತ್ತು. ಒಬ್ಬ ತಾತ "ಹಾಗಾದರೆ ಒಂದು ತೊಟ್ಟು ಡಿಕಾಕ್ಷನ್ ನೆಕ್ಕಿಸಲೇ ಅಮ್ಮ?" ಎಂದು ಕೇಳಿದ್ದರು. ಖಂಡಿತ ಬೇಡ. ಇದು ತೂಕ ನೋಡಿ ಮಿಲಿಗ್ರಾಂ ಲೆಕ್ಕದಲ್ಲಿ ಕೊಡುವ ಔಷಧಿ.

ಆಮ್ಲಜನಕ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಭಾವಿಸಬೇಡಿ. ಮಾನಿಟರಿನಲ್ಲಿ ರಕ್ತದ ಆಮ್ಲಜನಕ ಮಟ್ಟ 90ರಿಂದ 95 ಇದ್ದರೆ ಸಾಕು. ಆಮ್ಲಜನಕ ಕೊಡುತ್ತಿರುವಾಗ ಸದಾ 99, 100 ತೋರಿಸುತ್ತಿದ್ದರೆ ಕಣ್ಣಿನ ಒಳಗೆ ಹಿಂಬದಿಯಲ್ಲಿರುವ ಅಕ್ಷಿಪಟಲದ ರಕ್ತನಾಳ ಕೆಡಬಹುದು. 34 ವಾರಕ್ಕೆ ಮೊದಲು ಅಥವಾ 2 ಕಿಲೋಗಿಂತ ಕಡಿಮೆ ತೂಕಕ್ಕೆ ಹುಟ್ಟಿದ ಮಗುವಿನ ಕಣ್ಣನ್ನು 30 ದಿನದೊಳಗೆ ಪರೀಕ್ಷಿಸಬೇಕು. ತೀರ ಸಣ್ಣ ಮಕ್ಕಳಿಗೆ ಇನ್ನೂ ಮೊದಲೇ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿದ ಕಿಡ್‌ರಾಪ್ ಯೋಜನೆ ಜಿಲ್ಲೆಗಳಿಗೇ ಕ್ಯಾಮೆರಾ ಕೊಂಡೊಯ್ದು ಇಂಥ ಕಣ್ಣುಗಳನ್ನು ನೋಡುತ್ತ ಬಂದಿದೆ. ಮಗು ಎಷ್ಟೇ ಚುರುಕಾಗಿ ಕಂಡರೂ ಈ ತಾರೀಕು ತಪ್ಪಿಸಬೇಡಿ.

ಸೋಂಕು: ಔಷಧಿ ಕೊಡುವುದೋ, ನಿಲ್ಲಿಸುವುದೋ

ನೀರು ಮೊದಲೇ ಒಡೆದಿದ್ದರೆ ತಾಯಿಗೆ ಆ್ಯಂಟಿಬಯೋಟಿಕ್ ಕೊಡುವುದರಿಂದ ಮಗುವಿಗೆ ಸೋಂಕು ಕಡಿಮೆ. ನೀರು ಒಡೆಯದೆ ಬರೀ ನೋವಿದ್ದರೆ ಕೊಡುವುದರಿಂದ ಲಾಭವಿಲ್ಲ. ಹುಟ್ಟಿದ ಮಗುವಿನಲ್ಲಿ ಸೋಂಕಿನ ಅನುಮಾನ ಬಂದರೆ, ರಕ್ತದ ಕಲ್ಚರ್ (ರಕ್ತದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ತೆಗೆದು ಆಮೇಲೆ ಔಷಧಿ ಶುರುಮಾಡಬೇಕು. ಎರಡು ದಿನಕ್ಕೆ ಕಲ್ಚರಿನಲ್ಲಿ ಏನೂ ಬೆಳೆಯದೆ ಮಗುವೂ ಚೆನ್ನಾಗಿದ್ದರೆ ನಿಲ್ಲಿಸಬೇಕು. "ಇನ್ನೊಂದು ವಾರ ಕೊಟ್ಟುಬಿಡಿ, ಇರಲಿ" ಎಂದು ಒತ್ತಾಯಿಸುವ ಮನೆಯವರೇ, ಅನಗತ್ಯವಾಗಿ ಎಳೆದ ಆ್ಯಂಟಿಬಯೋಟಿಕ್ ಕರುಳಿನ ಕಾಯಿಲೆಗೆ ದಾರಿ ಮಾಡುತ್ತದೆ. 2016ರಲ್ಲಿ ಪ್ರಕಟವಾದ ದೆಹಲಿಯ ಮೂರು ಆಸ್ಪತ್ರೆಗಳ ಅಧ್ಯಯನದಲ್ಲಿ, ನವಜಾತ ಶಿಶುಗಳ ರಕ್ತದಲ್ಲಿ ಹೆಚ್ಚಾಗಿ ಸಿಕ್ಕ ಅಸಿನೆಟೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾದಂಥ ರೋಗಾಣುಗಳು ಹಲವು ಔಷಧಿಗಳಿಗೆ ಬಗ್ಗುತ್ತಿರಲಿಲ್ಲ. ಕೈಯಿಂದ ಕೈಗೆ ದಾಟುವ ಇವುಗಳಿಗೆ ಅತಿ ಅಗ್ಗದ ಮದ್ದು ಸಾಬೂನು. ಬಳೆ, ಉಂಗುರ, ಗಡಿಯಾರ ತೆಗೆದು ಮೊಣಕೈವರೆಗೆ ಎರಡು ನಿಮಿಷ ತೊಳೆಯಿರಿ. ತೊಳೆಯದೆ ಮಗುವನ್ನು ಮುಟ್ಟಲು ಬಂದವರು ಯಾರೇ ಆಗಲಿ, ಬಿಳಿ ಕೋಟಿನವರಾದರೂ, "ಕೈ ತೊಳೆದಿರಾ?" ಎಂದು ಕೇಳಿ.

ಹಾಲು

ಇಲ್ಲಿ ನನಗೆ ಎರಡು ಮಾತಿಲ್ಲ. ಹೆತ್ತ ತಾಯಿಯ ಹಾಲು ಮೊದಲು, ಹಾಲಿನ ಬ್ಯಾಂಕಿನ ದಾನದ ಹಾಲು ಎರಡನೆಯದು, ಡಬ್ಬಿ ಪುಡಿ ಕಡೆಯದು. ತಾಯಿಹಾಲು ಕುಡಿದ ಮಕ್ಕಳಲ್ಲಿ ಕರುಳಿನ ಕೊಳೆತ ಕಡಿಮೆ, ರಕ್ತದ ಸೋಂಕು ಕಡಿಮೆ, ಶ್ವಾಸಕೋಶದ ದೀರ್ಘ ಕಾಯಿಲೆಯೂ ಕಡಿಮೆ. ಪುಡಿ ಡಬ್ಬಿ ರೋಗಾಣುಮುಕ್ತವಲ್ಲ ಎಂಬುದು ಬಹಳ ಜನಕ್ಕೆ ಗೊತ್ತೇ ಇಲ್ಲ.

"ಹಾಲೇ ಬರುತ್ತಿಲ್ಲ" ಎಂದು ಮೊದಲ ದಿನ ಅಳುವ ತಾಯಂದಿರಿಗೆ ನಾನು ಹೇಳುವುದು, ಮಗು ಚೀಪಲಾರದು, ನಿಮ್ಮ ಕೈಯೇ ಮಗುವಿನ ಬಾಯಿ. ಹೆತ್ತ ಮೊದಲ ಕೆಲವು ಗಂಟೆಯಲ್ಲೇ ಹಿಂಡಲು ಶುರುಮಾಡಿ, ಹಗಲು ರಾತ್ರಿ ಸೇರಿ ಎಂಟು ಸಲ. ರಾತ್ರಿಯದ್ದನ್ನು ಬಿಟ್ಟರೆ ಹಾಲು ಬತ್ತುತ್ತದೆ. ಮೊದಲು ಬರುವುದು ನಾಲ್ಕು ಹನಿ ಹಳದಿ ಗಿಣ್ಣುಹಾಲು. ಅದನ್ನು ಚೆಲ್ಲುವ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿದೆ, ನೋಡಿದರೆ ಕರುಳು ಚುರುಕ್ ಎನ್ನುತ್ತದೆ. ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ಒಂದು ದಿನ ಎಂದು ಲೆಕ್ಕ ಇಟ್ಟುಕೊಳ್ಳಿ. ತೀರ ಎಳೆಯ ಮಗುವಿಗೆ ನಳಿಕೆಯಲ್ಲಿ, 32 ವಾರದ ಸುಮಾರಿಗೆ ಒಳಲೆಯಲ್ಲಿ, 34ರ ಮೇಲೆ ಎದೆಯಲ್ಲಿ. ಬಾಟಲಿಗಿಂತ ನಮ್ಮ ಅಜ್ಜಿಯರ ಒಳಲೆಯೇ ಮೇಲು, ಪ್ರತಿ ಸಲ ಕುದಿಸಿದರೆ.

ದಾನದ ಹಾಲೆಂದರೆ ಪಕ್ಕದ ಮಂಚದವಳ ಹಸಿ ಹಾಲಲ್ಲ. ಬ್ಯಾಂಕಿನಲ್ಲಿ ದಾನಿಯ ರಕ್ತ ಪರೀಕ್ಷಿಸಿ, ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ಕೊಡುತ್ತಾರೆ. ನಮಗೆ ಇಳಿದಾರಿಯಲ್ಲಿರುವ ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಯಲ್ಲಿ ಅಂಥ ಬ್ಯಾಂಕ್ ಇದೆ.

ಪೆಟ್ಟಿಗೆಯೋ, ಎದೆಯೋ, ಅಗ್ಗಿಷ್ಟಿಕೆಯೋ

"ಗ್ಲಾಸ್ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ" ಎಂದರೆ ದೊಡ್ಡ ಚಿಕಿತ್ಸೆ, "ಎದೆಯ ಮೇಲೆ ಇಟ್ಟುಕೊಳ್ಳಿ" ಎಂದರೆ ಏನೂ ಇಲ್ಲದವರ ಉಪಾಯ ಎಂದು ಜನ ತಿಳಿಯುತ್ತಾರೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಪೆಟ್ಟಿಗೆ ಸಾಲದೆ ಶುರುವಾದ ಕಾಂಗರೂ ಆರೈಕೆ, ಅಂದರೆ ಮಗುವನ್ನು ಮೈಗೆ ಮೈ ತಾಗಿಸಿ ಎದೆಗಿಟ್ಟುಕೊಳ್ಳುವುದು, ಈಗ ಹಾಗಿಲ್ಲ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 1ರಿಂದ 1.8 ಕಿಲೋ ತೂಕದ ಮಕ್ಕಳನ್ನು ನೋಡಿದರು. ಮಗು ಸ್ಥಿರವಾಗಲಿ ಎಂದು ಕಾದು ಆಮೇಲೆ ಎದೆಗಿಟ್ಟವರಲ್ಲಿ 28 ದಿನದೊಳಗಿನ ಸಾವು 100ಕ್ಕೆ 15.7. ಹುಟ್ಟಿದ ಕೂಡಲೇ ಎದೆಗಿಟ್ಟವರಲ್ಲಿ 12. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಸೋಂಕಿನ ಶಂಕೆಯೂ ಕಡಿಮೆಯಿತ್ತು. ವೆಂಟಿಲೇಟರಿನಲ್ಲಿರುವ ಅಥವಾ ತೀರ ನಿತ್ರಾಣವಾದ ಮಗುವಿಗೆ ಪೆಟ್ಟಿಗೆ, ವಾರ್ಮರ್ ಬೇಕೇ ಬೇಕು. ಉಳಿದವರಿಗೆ ದಿನಕ್ಕೆ ಎಂಟು ಗಂಟೆಗೆ ಕಡಿಮೆಯಿಲ್ಲದಂತೆ ಎದೆ. ಸೀಪ್ಯಾಪಿನಲ್ಲಿದ್ದರೂ ಸಿಸ್ಟರ ನೆರವಿನಿಂದ ಆಗುತ್ತದೆ. ಬಾಣಂತಿಗೆ ದಣಿವಾದರೆ ಅಪ್ಪ, ಅಜ್ಜಿ, ದೊಡ್ಡಮ್ಮ ಯಾರಾದರೂ ಆಗಬಹುದು. ಮೊದಮೊದಲು ನಾಚಿ ಹಿಂದೆ ಸರಿಯುವ ಗಂಡಸರೇ ಆಮೇಲೆ ಮಗುವನ್ನು ವಾಪಸು ಕೊಡಲು ಒಪ್ಪುವುದಿಲ್ಲ. ಅದನ್ನು ನೋಡುವುದೇ ನನ್ನ ಕೆಲಸದ ಸಂಬಳ.

ಅಗ್ಗಿಷ್ಟಿಕೆಯ ಮಾತು ಕಷ್ಟದ್ದು. ಮಡಿಕೇರಿಯ ಚಳಿಯಲ್ಲಿ, ಬಟ್ಟೆ ಒಣಗದ ಮಳೆಯಲ್ಲಿ ಬಾಣಂತಿ ಕೋಣೆಗೆ ಕೆಂಡ ತರುವುದು ಪ್ರೀತಿಯಿಂದಲೇ. ಆದರೆ ಮುಚ್ಚಿದ ಕೋಣೆಯ ಕೆಂಡದ ಗಾಳಿ ದೊಡ್ಡವರನ್ನೇ ಕೊಲ್ಲಬಲ್ಲದು. ಮಗುವಿನ ತಲೆಗೆ ಹಿಡಿಯುವ ಸಾಂಬ್ರಾಣಿ ಹೊಗೆ, ಒಲೆಯ ಹೊಗೆ, ಬೀಡಿ, ಸೊಳ್ಳೆ ಬತ್ತಿ, ಇವು ಒಂದೂ ಆ ಶ್ವಾಸಕೋಶಕ್ಕೆ ತಡೆಯದು. ಅತ್ತೆಯವರಿಗೆ ಎದುರಾಡದೆ ಹೇಳುವುದು ಹೇಗೆ ಎಂದು ಸೊಸೆಯಂದಿರು ಕೇಳುತ್ತಾರೆ. "ನೀವೇ ಎದೆಗೆ ಹಾಕಿಕೊಳ್ಳಿ ಅತ್ತೆ, ಡಾಕ್ಟರು ಹೇಳಿದ್ದಾರೆ" ಎನ್ನಿ. ಟೋಪಿ, ಕಾಲುಚೀಲ, ಮೈಗೆ ಮೈ, ಮೇಲೊಂದು ಕಂಬಳಿ. ಒಂದೇ ಇಕ್ಕಟ್ಟಿನ ಕೋಣೆಯ ಲೈನ್ ಮನೆಯಲ್ಲೂ ಇದು ಸಾಧ್ಯ. ಒಲೆ ಅದೇ ಕೋಣೆಯಲ್ಲಿದ್ದರೆ, ಅಡುಗೆಯಾಗುವಷ್ಟು ಹೊತ್ತು ಮಗುವನ್ನು ಎತ್ತಿಕೊಂಡು ಪಕ್ಕದ ಮನೆಗೆ ಹೋಗಿ.

ಮನೆಗೆ ಬಂದ ಮೇಲೆ

ಲಸಿಕೆಯನ್ನು ಹುಟ್ಟಿದ ದಿನದಿಂದ ಎಣಿಸಿ ಹಾಕಿಸಬೇಕು. "ದಿನ ತುಂಬಲಿ, ಆಮೇಲೆ" ಎಂದು ಮುಂದೂಡಬೇಡಿ. ಆರನೇ ವಾರದ ಪೆಂಟಾವೇಲೆಂಟ್, ನ್ಯುಮೋನಿಯಾ ಲಸಿಕೆ ಸರ್ಕಾರಿ ಕೇಂದ್ರದಲ್ಲೇ ಉಚಿತ. ಮಗು ನೋಡಲು ಬರುವ ನೆಂಟರಿಗೆ ಪುತ್ತರಿ (ಕೊಡಗಿನ ಸುಗ್ಗಿ) ಹಬ್ಬದವರೆಗೆ ಕಾಯಲು ಹೇಳಿದರೂ ತಪ್ಪಿಲ್ಲ; ಅವರ ಸಾದಾ ನೆಗಡಿ ಈ ಮಗುವನ್ನು ಮತ್ತೆ ಆಮ್ಲಜನಕಕ್ಕೆ ಒಯ್ಯಬಹುದು.

ಮಗು ಮಲಗಿದ್ದಾಗ ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸುವುದನ್ನು ಮನೆಯಲ್ಲಿ ಇಬ್ಬರಾದರೂ ಕಲಿಯಿರಿ. 60 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ಎಣಿಸಿ. ಆಗಲೂ ಅಷ್ಟೇ ಇದ್ದರೆ, ಪಕ್ಕೆ ಒಳಗೆ ಸೆಳೆದುಕೊಳ್ಳುತ್ತಿದ್ದರೆ, ತುಟಿ ನೀಲಿಯಾದರೆ, ಹಾಲು ಬಿಟ್ಟರೆ, ಮುಟ್ಟಿದರೆ ಮೈ ತಣ್ಣಗಿದ್ದರೆ ಅಥವಾ ಸುಡುತ್ತಿದ್ದರೆ, ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ಗಾಡಿ ಬರುವವರೆಗೂ ಗಾಡಿಯೊಳಗೂ ಮಗುವನ್ನು ಎದೆಗೇ ಅವಚಿಕೊಂಡಿರಿ, ಬಿಡುಗಡೆ ಚೀಟಿಯನ್ನೂ ತಾಯಿ ಕಾರ್ಡನ್ನೂ ಜೊತೆಗೆ ಒಯ್ಯಿರಿ.